ಮನೆವಾರ್ತೆ: ಟಿ.ವಿ.ಗೊಂದು ಡಾಂಗಲ್, ಕೊಳ್ಳುವುದೋ ಬಿಡುವುದೋ?

ನಮ್ಮ ನಾಡಿನ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದಾಗ ಅದನ್ನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ೧೯೭೫ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಸರ್ಕಾರವೇ ಪೆಟ್ಟಿಗೆಗಳನ್ನು ಒದಗಿಸಿತ್ತು. ಊರಿನವರು ಒಂದೆಡೆ ಕೂಡಿ ನೋಡುತ್ತಿದ್ದರು. ಮುಂದೆ ೧೯೮೧ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಅಲ್ಲಿಂದೀಚೆಗೆ ಮಾಳಿಗೆಯ ಮೇಲೆ ಆಂಟೆನಾ ಬಂತು, ಬೀದಿಯ ಕಂಬದಿಂದ ಕೇಬಲ್ ಇಳಿಯಿತು, ಗೋಡೆಯ ಮೇಲೆ ಡಿಶ್ ಏರಿತು. ಇವುಗಳಲ್ಲಿ ಪ್ರತಿಯೊಂದು ಬಂದಾಗಲೂ ಮನೆಯ ಯಜಮಾನನೂ ಗೃಹಿಣಿಯೂ ಕುಳಿತು ಲೆಕ್ಕ ಹಾಕಿದ್ದುಂಟು.

ಈಗ ಅಂಥ ಇನ್ನೊಂದು ವಸ್ತು ಅಂಗಡಿಗಳಲ್ಲಿಯೂ ಜಾಹೀರಾತುಗಳಲ್ಲಿಯೂ ನಮ್ಮನ್ನು ಕರೆಯುತ್ತಿದೆ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ, ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದರೆ ಕಣ್ಣಿಗೂ ಬೀಳದ ಈ ಸಾಧನವನ್ನು ಕೆಲವರು ಡಾಂಗಲ್ ಎನ್ನುತ್ತಾರೆ, ಕೆಲವರು ಸ್ಟಿಕ್ ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ಸಾವಿರದಿಂದ ಏಳು ಸಾವಿರ ರೂಪಾಯಿಗಳವರೆಗೆ ಇದರ ಬೆಲೆ. "ಹಳೆಯ ಟಿ.ವಿ. ಚೆನ್ನಾಗಿಯೇ ಇದೆ, ಇದೊಂದನ್ನು ತಂದರೆ ಹೊಸ ಟಿ.ವಿ.ಯ ಖರ್ಚು ಉಳಿಯುತ್ತದಂತೆ, ನಿಜವೆ?" ಎಂದು ಕೇಳುವ ಗೃಹಿಣಿಯರೂ ಇದ್ದಾರೆ, "ಮಕ್ಕಳು ಹಟ ಹಿಡಿದಿದ್ದಾರೆ, ತರುವುದು ಕ್ಷೇಮವೆ?" ಎಂದು ಕೇಳುವ ತಂದೆಯರೂ ಇದ್ದಾರೆ. ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಎಲ್ಲ ಮನೆಗಳಿಗೂ ಒಪ್ಪುವುದಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ಕ್ರಮ ಎಲ್ಲರಿಗೂ ಒಂದೇ. ಸಾಧನದ ಬೆಲೆಯೊಂದನ್ನೇ ನೋಡಿ ನಿರ್ಧರಿಸುವವರು ಖರ್ಚಿನ ಅತಿ ಸಣ್ಣ ಪಾಲನ್ನು ನೋಡಿ ನಿರ್ಧರಿಸಿದಂತಾಗುತ್ತದೆ. ಉಳಿದ ಪಾಲು ತಿಂಗಳು ತಿಂಗಳೂ ಬರುವಂಥದು. ಅದನ್ನು ಹಂತಹಂತವಾಗಿ ಪರಾಮರ್ಶಿಸೋಣ.

ಇದು ಮಾಡುವ ಕೆಲಸವೇನು?

ಡಾಂಗಲ್ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಅದರಲ್ಲಿ ಚಿತ್ರಗಳ ಸಂಗ್ರಹವಿಲ್ಲ, ವಾಹಿನಿಗಳೂ ಇಲ್ಲ. ಮನೆಯ ವೈ-ಫೈ ಮೂಲಕ ಅಂತರ್ಜಾಲವನ್ನು ಸೇರಿ, ಅಲ್ಲಿಂದ ಚಿತ್ರವನ್ನೂ ಧ್ವನಿಯನ್ನೂ ಕ್ಷಣಕ್ಷಣಕ್ಕೆ ತರಿಸಿಕೊಂಡು ಟಿ.ವಿ.ಗೆ ಒಪ್ಪಿಸುವುದಷ್ಟೇ ಅದರ ಕೆಲಸ. ಹೀಗೆ ಹರಿದು ಬಂದಂತೆ ತೋರಿಸುವುದನ್ನೇ ಸ್ಟ್ರೀಮಿಂಗ್ ಎಂದು ಕರೆಯುವುದು.

೨೦೧೩ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಮೊದಲ ಕ್ರೋಮ್‌ಕಾಸ್ಟ್‌ಗೆ ರಿಮೋಟ್ ಕೂಡ ಇರಲಿಲ್ಲ. ಏನು ನೋಡಬೇಕೆಂಬುದನ್ನು ಮೊಬೈಲ್‌ನಲ್ಲಿ ಆರಿಸಿದರೆ ಸಾಕು, ಮುಂದಿನದನ್ನು ಡಾಂಗಲ್ ತಾನೇ ಅಂತರ್ಜಾಲದಿಂದ ತರಿಸಿಕೊಳ್ಳುತ್ತಿತ್ತು. ಆ ಬಳಿಕ ಬಂದ ಸಾಧನಗಳಿಗೆ ತಮ್ಮದೇ ರಿಮೋಟ್ ಉಂಟು, ತಮ್ಮದೇ ಆ್ಯಪ್‌ಗಳುಂಟು; ಮೊಬೈಲ್ ಪಕ್ಕದಲ್ಲಿಲ್ಲದಿದ್ದರೂ ನಡೆಯುತ್ತದೆ. ಭಾರತದ ಮಾರುಕಟ್ಟೆಗೆ ಕ್ರೋಮ್‌ಕಾಸ್ಟ್ ೨೦೧೪ರ ಡಿಸೆಂಬರ್‌ನಲ್ಲಿ ೨,೯೯೯ ರೂಪಾಯಿಗಳಿಗೂ, ಅಮೆಜಾನ್ ಸಂಸ್ಥೆಯ ಫೈರ್ ಟಿ.ವಿ. ಸ್ಟಿಕ್ ೨೦೧೭ರ ಏಪ್ರಿಲ್‌ನಲ್ಲಿ ೩,೯೯೯ ರೂಪಾಯಿಗಳಿಗೂ ಬಂದವು.

ಈ ಇತಿಹಾಸದಲ್ಲಿ ಕೊಳ್ಳುವವರು ನೆನಪಿಡಬೇಕಾದ ಒಂದು ಸಂಗತಿಯಿದೆ. ೨೦೨೪ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆ ಕ್ರೋಮ್‌ಕಾಸ್ಟ್ ತಯಾರಿಕೆಯನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮರುವರ್ಷದ ಮಾರ್ಚ್ ತಿಂಗಳಲ್ಲಿ, ೨೦೧೫ರ ಮಾದರಿಯ ಕ್ರೋಮ್‌ಕಾಸ್ಟ್‌ಗಳು ಲೋಕದಾದ್ಯಂತ ಏಕಾಏಕಿ ಕೆಲಸ ನಿಲ್ಲಿಸಿದವು. ಯಂತ್ರ ಕೆಟ್ಟಿರಲಿಲ್ಲ, ಅದರೊಳಗಿನ ವಿದ್ಯುನ್ಮಾನ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು. ಕೆಲವು ದಿನಗಳಲ್ಲಿ ಸಂಸ್ಥೆ ಅದನ್ನು ಸರಿಪಡಿಸಿತು. ನಮ್ಮ ಅಡುಗೆಮನೆಯ ಮಿಕ್ಸರ್ ತಯಾರಕರು ಅಂಗಡಿ ಮುಚ್ಚಿದರೂ ಅರೆಯುತ್ತಲೇ ಇರುತ್ತದೆ. ಡಾಂಗಲ್ ಹಾಗಲ್ಲ, ತಯಾರಕರು ಅದಕ್ಕೆ ಹೊಸ ತಂತ್ರಾಂಶವನ್ನು ಕಳುಹಿಸುತ್ತಿರುವಷ್ಟು ಕಾಲ ಮಾತ್ರ ಅದರ ಆಯುಷ್ಯ. ಆದ್ದರಿಂದ ಹತ್ತು ವರ್ಷ ಬಾಳುವ ವಸ್ತುವೆಂದು ಎಣಿಸದೆ, ನಾಲ್ಕು ವರ್ಷ ಬಾಳಿದರೆ ಸಾಕೆಂಬ ಎಣಿಕೆಯಿಂದ ಲೆಕ್ಕ ಹಾಕುವುದು ವಿವೇಕ.

ಮೊದಲು ಟಿ.ವಿ.ಯನ್ನು ನೋಡಿ

ಡಾಂಗಲ್ ಕೊಳ್ಳುವ ಮಾತಿಗೆ ಮುನ್ನ ಟಿ.ವಿ.ಯ ಬೆನ್ನ ಹಿಂದೆ ಒಮ್ಮೆ ಬೆಳಕು ಹಾಯಿಸಿ ನೋಡಬೇಕು. ಅಲ್ಲಿ ಎಚ್‌ಡಿಎಂಐ ಎಂದು ಬರೆದಿರುವ ಚಪ್ಪಟೆಯಾದ ಕಿಂಡಿ ಇರಬೇಕು. ಡಬ್ಬಿಯಂತೆ ಉಬ್ಬಿದ ಹಳೆಯ ಟಿ.ವಿ.ಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಹಳದಿ, ಕೆಂಪು, ಬಿಳಿ ಬಣ್ಣದ ದುಂಡನೆಯ ರಂಧ್ರಗಳಷ್ಟೇ ಇರುತ್ತವೆ. ಅಂಥವಕ್ಕೆ ಪರಿವರ್ತಕವೊಂದನ್ನು ಸೇರಿಸಿ ಡಾಂಗಲ್ ನಡೆಸುವುದು ಸಾಧ್ಯವಾದರೂ ಅಕ್ಷರಗಳು ಮಸುಕಾಗಿ ಕಾಣುವುದರಿಂದ ಹಣಕ್ಕೆ ತಕ್ಕ ಫಲವಿಲ್ಲ. ಎಚ್‌ಡಿಎಂಐ ಕಿಂಡಿ ಒಂದೇ ಇದ್ದು ಅದನ್ನು ಕೇಬಲ್ ಅಥವಾ ಡಿಶ್ ಪೆಟ್ಟಿಗೆ ಈಗಾಗಲೇ ಆಕ್ರಮಿಸಿಕೊಂಡಿದ್ದರೆ, ಪ್ರತಿ ಸಲ ಕಿತ್ತು ಸಿಕ್ಕಿಸುವ ಪ್ರಸಂಗ ಬರುತ್ತದೆ ಎಂಬುದನ್ನೂ ಗಮನಿಸಬೇಕು.

ಎರಡನೆಯದು ವಿದ್ಯುತ್ತಿನ ವಿಷಯ. ಡಾಂಗಲ್‌ಗೆ ಪ್ರತ್ಯೇಕ ವಿದ್ಯುತ್ ಬೇಕು. ಟಿ.ವಿ.ಯಲ್ಲಿರುವ ಯುಎಸ್‌ಬಿ ಕಿಂಡಿಯಿಂದಲೇ ತೆಗೆದುಕೊಂಡರಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಹಳೆಯ ಟಿ.ವಿ.ಗಳ ಆ ಕಿಂಡಿ ಸಾಮಾನ್ಯವಾಗಿ ಅರ್ಧ ಆಂಪಿಯರ್‌ನಷ್ಟು ಮಾತ್ರ ಕೊಡುತ್ತದೆ. ಬಹುಪಾಲು ಸ್ಟಿಕ್‌ಗಳಿಗೆ ಅದರ ಇಮ್ಮಡಿ ಬೇಕು. ಸಾಲದೆ ಹೋದಾಗ ಸಾಧನ ನಡುನಡುವೆ ತಾನಾಗಿ ಆರಿ ಹತ್ತುತ್ತದೆ. ಆದ್ದರಿಂದ ಪೆಟ್ಟಿಗೆಯೊಡನೆ ಬರುವ ಅಡಾಪ್ಟರನ್ನೇ ಬಳಸಬೇಕು, ಟಿ.ವಿ.ಯ ಬಳಿ ಇನ್ನೊಂದು ಪ್ಲಗ್ ಪಾಯಿಂಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಕರೆಂಟಿನ ಖರ್ಚಿನ ಬಗ್ಗೆ ಭಯ ಬೇಡ. ಐದು ವ್ಯಾಟ್‌ನ ಅಡಾಪ್ಟರು ಹಗಲಿರುಳು ತನ್ನ ಪೂರ್ಣ ಶಕ್ತಿಯಲ್ಲಿ ಉರಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ.

ಮೂರನೆಯದಾಗಿ, ತಮ್ಮ ಟಿ.ವಿ. ಈಗಾಗಲೇ ಸ್ಮಾರ್ಟ್ ಆಗಿದ್ದರೆ ಡಾಂಗಲ್‌ನ ಅಗತ್ಯವೇ ಇಲ್ಲದಿರಬಹುದು. "ಬಹಳ ನಿಧಾನವಾಗಿದೆ" ಎಂಬುದು ಅನೇಕರ ದೂರು. ಅದಕ್ಕೆ ಮೊದಲ ಚಿಕಿತ್ಸೆ ಬಿಟ್ಟಿಯಾಗಿ ದೊರೆಯುತ್ತದೆ: ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ, ತಂತ್ರಾಂಶವನ್ನು ನವೀಕರಿಸಿ, ಟಿ.ವಿ.ಯನ್ನು ಪ್ಲಗ್‌ನಿಂದ ಕಿತ್ತು ಐದು ನಿಮಿಷದ ಬಳಿಕ ಹಾಕಿ ನೋಡುವುದು. ಹಾಗೆ ಮಾಡಿದ ಮೇಲೂ ಸುಧಾರಿಸದಿದ್ದರೆ ಅಥವಾ ಬೇಕಾದ ಆ್ಯಪ್ ಆ ಟಿ.ವಿ.ಯಲ್ಲಿ ನಡೆಯುವುದೇ ನಿಂತಿದ್ದರೆ ಆಗ ಡಾಂಗಲ್‌ನ ಮಾತು.

ಇನ್ನು ಕೆಲವರ ಮನೆಗೆ ಫೈಬರ್ ಸಂಪರ್ಕದ ಜೊತೆಯಲ್ಲಿ ಬಂದ ಸೆಟ್‌ಟಾಪ್ ಪೆಟ್ಟಿಗೆಯಲ್ಲಿಯೋ, ಡಿಶ್ ಕಂಪನಿಯ ಹೊಸ ಮಾದರಿಯ ಪೆಟ್ಟಿಗೆಯಲ್ಲಿಯೋ ಈ ಆ್ಯಪ್‌ಗಳು ಆಗಲೇ ಇರುತ್ತವೆ. ಮನೆಯಲ್ಲಿರುವುದನ್ನು ಅರಿಯದೆ ಅಂಗಡಿಯಿಂದ ಮತ್ತೊಂದನ್ನು ತರುವುದು ವ್ಯರ್ಥ.

ನೀರಿಲ್ಲದೆ ನಲ್ಲಿ ಹಾಕಿಸಿದಂತೆ

ಅಂತರ್ಜಾಲವಿಲ್ಲದ ಮನೆಯಲ್ಲಿ ಡಾಂಗಲ್ ಇರುವುದೆಂದರೆ ನೀರಿಲ್ಲದ ಊರಿನಲ್ಲಿ ನಲ್ಲಿ ಹಾಕಿಸಿದಂತೆ. ಎಷ್ಟು ಅಂತರ್ಜಾಲ ಬೇಕು? ನೆಟ್‌ಫ್ಲಿಕ್ಸ್ ಸಂಸ್ಥೆ ತಾನೇ ಕೊಟ್ಟಿರುವ ಅಂಕಿಗಳ ಪ್ರಕಾರ, ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆ ನೋಡಲು ೧ ಜಿಬಿವರೆಗೂ, ಎಚ್‌ಡಿ ಗುಣಮಟ್ಟದಲ್ಲಿ ೩ ಜಿಬಿವರೆಗೂ, ೪ಕೆ ಗುಣಮಟ್ಟದಲ್ಲಿ ೭ ಜಿಬಿವರೆಗೂ ಖರ್ಚಾಗುತ್ತದೆ. ಮನೆಮಂದಿ ದಿನಕ್ಕೆ ಎರಡು ಗಂಟೆ ಎಚ್‌ಡಿಯಲ್ಲಿ ನೋಡಿದರೆ ತಿಂಗಳಿಗೆ ೧೮೦ ಜಿಬಿ ಬೇಕಾಗಬಹುದು. ದಿನಕ್ಕೆ ೨ ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ತಿಂಗಳಿಗೆ ದೊರೆಯುವುದು ೬೦ ಜಿಬಿ. ಅಂದರೆ ಮೊಬೈಲ್‌ನ ಹಾಟ್‌ಸ್ಪಾಟ್‌ನಿಂದ ಟಿ.ವಿ. ನಡೆಸುತ್ತೇವೆನ್ನುವವರು ಸಾಧಾರಣ ಗುಣಮಟ್ಟದಲ್ಲಿ ಎರಡು ಗಂಟೆ ನೋಡುವಷ್ಟರಲ್ಲಿ ಅಂದಿನ ಪಾಲು ಮುಗಿದು, ಕರೆ ಮಾಡಿದ ಮಗಳ ಮುಖವನ್ನು ವಿಡಿಯೋದಲ್ಲಿ ನೋಡಲೂ ಏನೂ ಉಳಿದಿರುವುದಿಲ್ಲ.

ವೇಗದ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಪೂರ್ಣ ಎಚ್‌ಡಿಗೆ ೫ ಎಂಬಿಪಿಎಸ್, ೪ಕೆಗೆ ೧೫ ಎಂಬಿಪಿಎಸ್ ಸಾಕೆಂದು ಅದೇ ಸಂಸ್ಥೆಯ ಸೂಚನೆ. ಇಂದಿನ ಸಾಧಾರಣ ಫೈಬರ್ ಸಂಪರ್ಕವೂ ಇದನ್ನು ಸುಲಭವಾಗಿ ಕೊಡುತ್ತದೆ. ನಿಜವಾದ ತೊಡಕು ಬರುವುದು ಮನೆಯೊಳಗೆ. ರೂಟರ್ ಮುಂದಿನ ಕೋಣೆಯಲ್ಲಿ, ಟಿ.ವಿ. ನಡುಮನೆಯಲ್ಲಿ, ನಡುವೆ ಒಂದೂವರೆ ಮೊಳದ ಮಣ್ಣಿನ ಗೋಡೆ ಎಂಬಂಥ ಹಳೆಯ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ವೈ-ಫೈನ ಎರಡು ತರಂಗಗಳಲ್ಲಿ ೫ ಗಿಗಾಹರ್ಟ್ಸ್‌ನದು ವೇಗವಾದರೂ ಗೋಡೆ ದಾಟುವಾಗ ಬಳಲುತ್ತದೆ, ೨.೪ ಗಿಗಾಹರ್ಟ್ಸ್‌ನದು ತುಸು ನಿಧಾನವಾದರೂ ದೂರ ಹೋಗುತ್ತದೆ. ಟಿ.ವಿ. ಇರುವ ಸ್ಥಳದಲ್ಲಿ ಮೊಬೈಲ್ ಹಿಡಿದು ಯಾವುದಾದರೊಂದು ಚಿತ್ರವನ್ನು ಅರ್ಧ ಗಂಟೆ ನೋಡಿದರೆ ಅಲ್ಲಿಗೆ ಸಂಪರ್ಕ ಸರಿಯಾಗಿ ತಲಪುತ್ತದೆಯೋ ಇಲ್ಲವೋ ತಿಳಿದುಹೋಗುತ್ತದೆ. ಇನ್ವರ್ಟರ್ ಇರುವವರು ಟಿ.ವಿ.ಯೊಡನೆ ರೂಟರನ್ನೂ ಅದಕ್ಕೆ ಸೇರಿಸಬೇಕು. ಇಲ್ಲವಾದರೆ ಕರೆಂಟು ಹೋದಾಗ ಟಿ.ವಿ. ಉರಿಯುತ್ತಿದ್ದರೂ ಚಿತ್ರ ಬಾರದು.

ತಿಂಗಳ ಚಂದಾ ಎಂಬ ಬಾಬತ್ತು

ಡಾಂಗಲ್ ತಂದ ಮನೆಗಳಲ್ಲಿ ಮೊದಲ ವಾರದ ಸಂಭ್ರಮ ಇಳಿಯುವ ಹೊತ್ತಿಗೆ ತಲೆಯೆತ್ತುವ ಪ್ರಶ್ನೆ ಇದು: "ಇದರಲ್ಲಿ ಎಲ್ಲದಕ್ಕೂ ಬೇರೆ ಬೇರೆ ದುಡ್ಡು ಕೇಳುತ್ತಾರಲ್ಲ!" ಯೂಟ್ಯೂಬ್‌ನಂಥ ಕೆಲವನ್ನು ಜಾಹೀರಾತುಗಳೊಡನೆ ಉಚಿತವಾಗಿ ನೋಡಬಹುದು. ಉಳಿದ ಹೆಚ್ಚಿನವು ಚಂದಾ ಬೇಡುತ್ತವೆ.

ಕನ್ನಡದ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಜೀ ಕನ್ನಡದ ಧಾರಾವಾಹಿಗಳು ಝೀ೫ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ೨೦೨೫ರ ಫೆಬ್ರವರಿಯಲ್ಲಿ ಎರಡು ಆ್ಯಪ್‌ಗಳು ಕೂಡಿ ಹುಟ್ಟಿದ ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯ ಟಿ.ವಿ.ಯವು ಸನ್ ನೆಕ್ಸ್ಟ್‌ನಲ್ಲಿ. ಕೇಬಲ್‌ನವರಿಗೆ ಒಮ್ಮೆ ಹಣ ಕೊಟ್ಟು ಒಂದೇ ಕಟ್ಟಿನಲ್ಲಿ ಪಡೆಯುತ್ತಿದ್ದ ವಾಹಿನಿಗಳಿಗೆ ಇಲ್ಲಿ ಮೂರು ಬಾಗಿಲುಗಳನ್ನು ತಟ್ಟಬೇಕು. ಅತ್ತೆಯವರಿಗೆ ಸಂಜೆಯ ಧಾರಾವಾಹಿಗಳೇ ಮುಖ್ಯವೆನ್ನುವ ಮನೆಯಲ್ಲಿ ಕೇಬಲ್ ತೆಗೆಸಿ ಡಾಂಗಲ್ ತರುವುದು ಉಳಿತಾಯವಾಗದು.

ಇನ್ನೂ ಕೆಲವು ವಿವರಗಳು ಜಾಹೀರಾತಿನಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತವೆ. ನೆಟ್‌ಫ್ಲಿಕ್ಸ್ ೨೦೨೧ರ ಡಿಸೆಂಬರ್‌ನಲ್ಲಿ ದರ ಇಳಿಸಿದಾಗ ತಿಂಗಳಿಗೆ ೧೪೯ ರೂಪಾಯಿಗಳ ಅಗ್ಗದ ಯೋಜನೆಯನ್ನು ನಿಗದಿಪಡಿಸಿತು. ಆದರೆ ಅದು ಮೊಬೈಲ್ ಮತ್ತು ಟ್ಯಾಬ್ಲೆಟ್‌ಗೆ ಮಾತ್ರ, ಟಿ.ವಿ.ಯಲ್ಲಿ ತೆರೆಯದು. ಟಿ.ವಿ.ಯಲ್ಲಿ ನೋಡಬೇಕಾದರೆ ಅಂದು ೧೯೯ ರೂಪಾಯಿಗೆ ನಿಗದಿಯಾದ ಯೋಜನೆಯಾದರೂ ಬೇಕು. ಮೊಬೈಲ್ ರೀಚಾರ್ಜ್‌ನೊಡನೆ ಉಚಿತವಾಗಿ ಬರುವ ಚಂದಾಗಳಲ್ಲಿಯೂ ಹಲವು ಹೀಗೆಯೇ ಮೊಬೈಲ್‌ಗೆ ಸೀಮಿತವಾದವು. "ನಮ್ಮಲ್ಲಿ ಆಗಲೇ ಚಂದಾ ಇದೆ" ಎನ್ನುವವರು ಅದು ಟಿ.ವಿ.ಗೂ ಸಲ್ಲುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಬೆಂಗಳೂರಿನಲ್ಲಿರುವ ಮಗನ ಖಾತೆಯಲ್ಲಿ ಊರಿನ ತಂದೆತಾಯಿ ನೋಡಿಕೊಳ್ಳುವ ಪದ್ಧತಿಗೂ ಈಗ ತಡೆಯಿದೆ. ಒಂದು ಖಾತೆ ಒಂದೇ ಮನೆಗೆ ಎಂಬ ನಿಯಮವನ್ನು ನೆಟ್‌ಫ್ಲಿಕ್ಸ್ ಭಾರತದಲ್ಲಿ ೨೦೨೩ರ ಜುಲೈಯಿಂದ ಜಾರಿಗೆ ತಂದಿತು. ಹಣ ಕೊಟ್ಟರೆ ಜಾಹೀರಾತು ಇರುವುದಿಲ್ಲವೆಂಬ ನಂಬಿಕೆಯೂ ಸಡಿಲಗೊಂಡಿದೆ. ಅಮೆಜಾನ್ ಪ್ರೈಮ್ ವಿಡಿಯೋ ೨೦೨೫ರ ಜೂನ್ ೧೭ರಿಂದ ಚಂದಾದಾರರಿಗೂ ಜಾಹೀರಾತು ತೋರಿಸಲಾರಂಭಿಸಿ, ಅದನ್ನು ತಪ್ಪಿಸಲು ಬೇರೆ ಶುಲ್ಕವನ್ನು ಗೊತ್ತುಮಾಡಿತು.

ನಾಲ್ಕು ವರ್ಷಗಳ ಲೆಕ್ಕ

ಈಗ ಕಾಗದ ಲೇಖನಿ ಹಿಡಿದು ಕುಳಿತುಕೊಳ್ಳೋಣ. ಡಾಂಗಲ್‌ನ ಬೆಲೆ ೪,೦೦೦ ರೂ. ಎಂದಿಟ್ಟುಕೊಳ್ಳಿ. ಹೊಸದಾಗಿ ಹಾಕಿಸುವ ಅಂತರ್ಜಾಲಕ್ಕೆ ತಿಂಗಳಿಗೆ ೫೦೦ ರೂ. ಎಂದಾದರೆ ಶೇ. ೧೮ರ ಜಿಎಸ್‌ಟಿ ಸೇರಿ ೫೯೦ ರೂ.; ನಾಲ್ಕು ವರ್ಷಕ್ಕೆ ೨೮,೩೨೦ ರೂ. ತಿಂಗಳಿಗೆ ೧೯೯ ರೂ.ಗಳ ಒಂದು ಚಂದಾ ನಾಲ್ಕು ವರ್ಷಕ್ಕೆ ೯,೫೫೨ ರೂ. ವರ್ಷಕ್ಕೆ ೧,೪೯೯ ರೂ.ಗಳ ಇನ್ನೊಂದು ಚಂದಾ ೫,೯೯೬ ರೂ. ಎಲ್ಲವನ್ನೂ ಕೂಡಿಸಿದರೆ ೪೭,೮೬೮ ರೂ. ಇದರಲ್ಲಿ ಡಾಂಗಲ್‌ನ ಪಾಲು ಹನ್ನೆರಡರಲ್ಲಿ ಒಂದು ಮಾತ್ರ!

ಮಕ್ಕಳ ಓದಿಗೋ ಮನೆಯಿಂದ ಮಾಡುವ ಕೆಲಸಕ್ಕೋ ಅಂತರ್ಜಾಲ ಆಗಲೇ ಇರುವ ಮನೆಯಾದರೆ ಅದರ ಖರ್ಚನ್ನು ಈ ಲೆಕ್ಕದಿಂದ ಬಿಡಬಹುದು. ಆಗ ಉಳಿಯುವುದು ೧೯,೫೪೮ ರೂ. ಚಂದಾಗಳಲ್ಲಿ ಒಂದನ್ನು ಬಿಟ್ಟರೆ ಇನ್ನೂ ಇಳಿಯುತ್ತದೆ. ದರಗಳು ಏರಿಳಿಯಬಹುದು, ತಮ್ಮ ಊರಿನ ದರವೇ ಬೇರೆಯಿರಬಹುದು. ಆದರೆ ಲೆಕ್ಕದ ಕ್ರಮ ಇದೇ. ಅಂಗಡಿಯ ಹಬ್ಬದ ರಿಯಾಯಿತಿಯಲ್ಲಿ ಡಾಂಗಲ್ ಸಾವಿರ ರೂಪಾಯಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು, ತಿಂಗಳಿಗೆ ನೂರು ರೂಪಾಯಿಯ ಒಂದು ಅನಗತ್ಯ ಚಂದಾ ಆ ಲಾಭವನ್ನು ಹತ್ತೇ ತಿಂಗಳಲ್ಲಿ ನುಂಗಿಬಿಡುತ್ತದೆ ಎಂಬುದನ್ನು ಮರೆಯಬಾರದು.

ಹೊಸ ಟಿ.ವಿ. ಕೊಳ್ಳುವುದಕ್ಕಿಂತ ಇದು ಮೇಲೆಂಬ ಮಾತಿನಲ್ಲಿ ಸತ್ಯವಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ೩೨ ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ. ೨೮ರಿಂದ ಶೇ. ೧೮ಕ್ಕೆ ಇಳಿದಿರುವುದಾದರೂ, ಪರದೆ ನಿರ್ಮಲವಾಗಿರುವ ಟಿ.ವಿ.ಯನ್ನು ಆ್ಯಪ್‌ಗಳಿಲ್ಲವೆಂಬ ಕಾರಣಕ್ಕೆ ಹೊರಹಾಕುವುದು ದುಂದು. ಆದರೆ ಪರದೆಯಲ್ಲಿ ಗೆರೆ ಮೂಡಿದ್ದು, ಧ್ವನಿ ಕುಂದಿದ್ದು, ಒಂದೆರಡು ವರ್ಷದಲ್ಲಿ ಹೇಗೂ ಬದಲಿಸಬೇಕಾಗಿರುವ ಟಿ.ವಿ.ಗೆ ಡಾಂಗಲ್ ತರುವುದರಲ್ಲಿ ಅರ್ಥವಿಲ್ಲ. ಆ ಹಣವನ್ನು ಹೊಸ ಟಿ.ವಿ.ಗೆ ಕೂಡಿಡುವುದು ಲೇಸು.

ಮನೆಯಲ್ಲಿರುವವರು ಯಾರು?

ಇಲ್ಲಿಯವರೆಗೆ ಹಣದ ಮಾತಾಯಿತು. ಮನುಷ್ಯರ ಮಾತು ಅದಕ್ಕಿಂತ ಮಿಗಿಲು.

ಎಪ್ಪತ್ತು ದಾಟಿದ ಹಿರಿಯರು ರಿಮೋಟ್‌ನ ಅಂಕೆಗಳನ್ನು ಬೆರಳಿನ ನೆನಪಿನಿಂದಲೇ ಒತ್ತಿ ತಮಗೆ ಬೇಕಾದ ವಾಹಿನಿಯನ್ನು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವಾಗ ಯಾರನ್ನೂ ಕರೆಯದೆ, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಅವರು ಮಾಡಬಲ್ಲ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಡಾಂಗಲ್‌ನಲ್ಲಿ ಅಂಕೆಗಳಿಲ್ಲ, ಚಿತ್ರಗಳ ಸಾಲು, ಆ್ಯಪ್, ಖಾತೆ, ಹೆಸರು ಎಂದು ಹಲವು ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಹೊಸತು ಬಂದ ದಿನವೇ ಕೇಬಲನ್ನು ಕಡಿದುಹಾಕಿದರೆ, ತನ್ನ ಮನೆಯ ಟಿ.ವಿ. ಹಾಕಲು ಮೊಮ್ಮಗ ಶಾಲೆಯಿಂದ ಬರುವವರೆಗೆ ಅಜ್ಜಿ ಕಾಯಬೇಕಾದೀತು. ಆದ್ದರಿಂದ ಕನಿಷ್ಠ ಮೂರು ತಿಂಗಳು ಎರಡನ್ನೂ ಇಟ್ಟುಕೊಂಡು, ಅವರು ಕಲಿತು "ಇನ್ನು ಅದು ಬೇಡ" ಎಂದು ತಾವೇ ಹೇಳಿದ ಮೇಲೆ ಹಳೆಯದನ್ನು ನಿಲ್ಲಿಸುವುದು ಉಚಿತ. ಡಾಂಗಲ್‌ನಿಂದ ಅವರಿಗೆ ಉಪಕಾರವೂ ಉಂಟು. ಕಿವಿ ಮಂದವಾದವರು ಬ್ಲೂಟೂತ್ ಹೆಡ್‌ಫೋನ್ ಜೋಡಿಸಿಕೊಂಡರೆ ಉಳಿದವರಿಗೆ ತೊಂದರೆಯಾಗದಂತೆ ಸ್ಪಷ್ಟವಾಗಿ ಕೇಳಬಹುದು. ಕೊಳ್ಳುವಾಗ ಈ ಸೌಲಭ್ಯವಿರುವ ಮಾದರಿಯನ್ನೇ ಕೇಳಿ ಪಡೆಯಬೇಕು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ಕೇಂದ್ರ ಸರ್ಕಾರದ ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಈ ಸಂಸ್ಥೆಗಳು ತಮ್ಮ ಚಿತ್ರಗಳನ್ನು ಎಲ್ಲರಿಗೂ ಸಲ್ಲುವಂಥವು, ೭, ೧೩ ಮತ್ತು ೧೬ ವರ್ಷ ಮೇಲ್ಪಟ್ಟವರಿಗೆ ಸಲ್ಲುವಂಥವು, ವಯಸ್ಕರಿಗೆ ಮಾತ್ರ ಸಲ್ಲುವಂಥವು ಎಂದು ವಿಂಗಡಿಸಬೇಕು. ೧೩ಕ್ಕೆ ಮೇಲ್ಪಟ್ಟವುಗಳಿಗೆ ಪೋಷಕರು ಬೀಗ ಹಾಕುವ ವ್ಯವಸ್ಥೆಯನ್ನು ಕೊಡಬೇಕು. ಆದರೆ ಬೀಗ ಕೊಟ್ಟಿದ್ದಾರೆಂಬ ಮಾತ್ರಕ್ಕೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಸಾಧನ ತಂದ ದಿನವೇ ತಂದೆತಾಯಿ ನಾಲ್ಕಂಕಿಯ ಪಿನ್ ಹಾಕಿ, ಮಕ್ಕಳಿಗೆ ಬೇರೆಯ ಪ್ರೊಫೈಲ್ ಮಾಡಿಡಬೇಕು. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದನ್ನು ತಾನಾಗಿ ಆರಂಭಿಸುವ ಏರ್ಪಾಡನ್ನು ಆರಿಸಿಡುವುದು ಇನ್ನೂ ಮುಖ್ಯ. ಧಾರಾವಾಹಿ ಮುಗಿದಾಗ ಎದ್ದು ಊಟಕ್ಕೆ ಹೋಗುವ ಅಭ್ಯಾಸ ಕೇಬಲ್ ಕಾಲದಲ್ಲಿ ತಾನಾಗಿ ನಡೆಯುತ್ತಿತ್ತು. ಇಲ್ಲಿ ಮುಗಿಯುವುದೆಂಬುದೇ ಇಲ್ಲದಿರುವುದರಿಂದ ಆ ಗೆರೆಯನ್ನು ಮನೆಯವರೇ ಎಳೆಯಬೇಕು.

ಮೋಸಗಾರರ ಬಗೆಗೆ ಎಚ್ಚರಿಕೆ

ಡಾಂಗಲ್ ಜೋಡಿಸಲು ಕುಳಿತಾಗ ಪರದೆಯ ಮೇಲೆ ಒಂದು ಸಂಕೇತ ಬಂದು ನಿಲ್ಲುತ್ತದೆ. ಮುಂದೇನೆಂದು ತಿಳಿಯದವರು ಅಂತರ್ಜಾಲದಲ್ಲಿ ಸಹಾಯವಾಣಿಯ ಸಂಖ್ಯೆ ಹುಡುಕುತ್ತಾರೆ. ಅಲ್ಲಿ ವಂಚಕರು ತಮ್ಮ ಸಂಖ್ಯೆಯನ್ನು ಹಾಕಿ ಕಾದಿರುತ್ತಾರೆ. "ಆ್ಯಕ್ಟಿವೇಶನ್‌ಗೆ ಇಷ್ಟು ಹಣ ಕಟ್ಟಿ" ಎನ್ನುತ್ತಾರೆ, ಮೊಬೈಲ್‌ಗೆ ಯಾವುದೋ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆಗೇ ಕನ್ನ ಹಾಕುತ್ತಾರೆ. ಸಾಧನವನ್ನು ನೋಂದಾಯಿಸಲು, ಚಾಲೂ ಮಾಡಲು ಅಮೆಜಾನ್ ಶುಲ್ಕ ಕೇಳುವುದಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿಡಬೇಕು. ಹಾಗೊಮ್ಮೆ ಹಣ ಹೋದರೆ ತಡಮಾಡದೆ ೧೯೩೦ ಸಂಖ್ಯೆಗೆ ಕರೆ ಮಾಡಬೇಕು. ಸಾಧನ ಕೆಟ್ಟು, ಅಂಗಡಿಯವರೂ ಕಂಪನಿಯವರೂ ವಾರಂಟಿಯ ಮಾತಿಗೆ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ ಇದೆ. ಅದಕ್ಕಾಗಿ ಬಿಲ್ಲನ್ನು ಜೋಪಾನವಾಗಿಡಬೇಕು.

ಚಂದಾ ತಾನಾಗಿ ಕಡಿತವಾಗುವ ಬಗೆಗೂ ನಿಗಾ ಅಗತ್ಯ. ೨೦೨೧ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಹೀಗೆ ಹಣ ತೆಗೆಯುವ ೨೪ ಗಂಟೆಗಳಿಗೆ ಮೊದಲು ಬ್ಯಾಂಕು ಸೂಚನೆ ಕಳುಹಿಸಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ. ಬೇಡವಾದ ಚಂದಾವನ್ನು ನಿಲ್ಲಿಸಲು ಅದೇ ಸಮಯ. "ಎಲ್ಲ ಸಿನಿಮಾ ಬಿಟ್ಟಿ" ಎಂದು ಯಾರೋ ಹಾಕಿಕೊಡುವ ಕಳ್ಳ ಆ್ಯಪ್‌ಗಳನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದೇ ಒಳಿತು. ಅದು ಕಾನೂನಿಗೆ ವಿರುದ್ಧವೂ ಹೌದು. ಖಾತೆಯ ಗುಟ್ಟುಗಳನ್ನು ಕದಿಯುವ ದಾರಿಯೂ ಆಗಬಹುದು.

ಮೂರು ಮನೆಗಳು

ಈ ವಿವೇಚನೆಯನ್ನು ಮೂರು ಬಗೆಯ ಮನೆಗಳಿಗೆ ಅನ್ವಯಿಸಿ ನೋಡೋಣ.

ಮೊದಲನೆಯದು, ಹುಬ್ಬಳ್ಳಿಯಂಥ ಪಟ್ಟಣದ ಒಂದು ಮನೆ. ೨೦೧೪ರಲ್ಲಿ ಕೊಂಡ ೩೨ ಅಂಗುಲದ ಎಲ್‌ಇಡಿ ಟಿ.ವಿ., ಚಿತ್ರ ನಿರ್ಮಲ, ಎಚ್‌ಡಿಎಂಐ ಕಿಂಡಿ ಖಾಲಿ. ಮಗಳ ಓದಿಗಾಗಿ ಫೈಬರ್ ಇದೆ. ಮನೆಯವರು ವಾರಕ್ಕೊಂದು ಚಲನಚಿತ್ರ, ದಿನಕ್ಕೊಂದಿಷ್ಟು ಯೂಟ್ಯೂಬ್ ಪಾಠ ಮತ್ತು ಸಂಗೀತ ಬಯಸುವವರು. ಇವರು ಧಾರಾಳವಾಗಿ ಕೊಳ್ಳಬಹುದು. ೩೨ ಅಂಗುಲದ ಆ ಪರದೆಗೆ ೪ಕೆ ಮಾದರಿ ಅನಗತ್ಯ. ಸಾಧಾರಣ ಎಚ್‌ಡಿ ಮಾದರಿ ಸಾಕು. ಚಂದಾ ಒಂದೇ ಇರಲಿ.

ಎರಡನೆಯದು, ೨೦೨೦ರ ಸುಮಾರಿಗೆ ಸ್ಮಾರ್ಟ್ ಟಿ.ವಿ. ತಂದು, ಈಗ ಅದು ತೆವಳುತ್ತಿದೆಯೆಂದು ಬೇಸರಗೊಂಡಿರುವ ಮನೆ. ಇವರು ಮೊದಲು ಮೇಲೆ ಹೇಳಿದ ಬಿಟ್ಟಿ ಚಿಕಿತ್ಸೆ ಮಾಡಿ, ಒಂದು ತಿಂಗಳು ಕಾಯಲಿ. ಆಗಲೂ ತೊಂದರೆಯಿದ್ದರೆ ಹೊಸ ಟಿ.ವಿ.ಗಿಂತ ಡಾಂಗಲ್ ಮೇಲು, ಆ ಟಿ.ವಿ. ಇನ್ನೂ ಕೆಲವು ವರ್ಷ ಬಾಳುತ್ತದೆ.

ಮೂರನೆಯದು, ಹಳ್ಳಿಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇರುವ ಮನೆ. ಮೊಬೈಲ್ ಹೊರತು ಬೇರೆ ಅಂತರ್ಜಾಲವಿಲ್ಲ. ಅವರು ನೋಡುವುದು ವಾರ್ತೆ, ಕೃಷಿಯ ವಿಚಾರ, ಹಳೆಯ ಚಿತ್ರಗಳು. ಊರಿಂದೂರಿಗೆ ದುಡಿಯಲು ಹೋದ ಮಗ ಪ್ರೀತಿಯಿಂದ ಡಾಂಗಲ್ ಕಳುಹಿಸಲು ಬಯಸುತ್ತಾನೆ. ಅವನಿಗೆ ನಮ್ಮ ಸಲಹೆ, ಬೇಡ. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಹಾಕಿಸಿದರೆ ಚಂದನವೂ ಸೇರಿದಂತೆ ಹಲವು ವಾಹಿನಿಗಳು ಬರುತ್ತವೆ, ಹಿರಿಯರಿಗೆ ಹೊಸ ವಿದ್ಯೆ ಕಲಿಯುವ ಕಷ್ಟವೂ ಇಲ್ಲ. ಮುಂದೆ ಆ ಮನೆಗೆ ಫೈಬರ್ ಬಂದು, ಅವನು ಹಬ್ಬಕ್ಕೆ ಹೋದಾಗ ವಾರ ಕಾಲ ಪಕ್ಕದಲ್ಲಿ ಕುಳಿತು ಕಲಿಸಬಲ್ಲನಾದರೆ ಆಗ ಡಾಂಗಲ್ ಒಳ್ಳೆಯ ಉಡುಗೊರೆಯಾದೀತು.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಇಷ್ಟಾದರೂ ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ ಸುಲಭವಾದ ಪರೀಕ್ಷೆಯೊಂದಿದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಎಚ್‌ಡಿಎಂಐ ಕೇಬಲ್ ತಂದು ಟಿ.ವಿ.ಗೆ ಜೋಡಿಸಿ, ಡಾಂಗಲ್ ತೋರಿಸುವುದನ್ನು ಬಹುಮಟ್ಟಿಗೆ ಅದೂ ತೋರಿಸುತ್ತದೆ. ಒಂದು ವಾರ ಹಾಗೆಯೇ ನೋಡಿ. ಪ್ರತಿ ರಾತ್ರಿ ಮಲಗುವ ಮುನ್ನ ಯಾರು ಏನು ನೋಡಿದರು, ಎಷ್ಟು ಹೊತ್ತು ನೋಡಿದರು, ಅದು ಉಚಿತವೋ ಚಂದಾದ್ದೋ ಎಂದು ಕ್ಯಾಲೆಂಡರಿನ ಬದಿಯಲ್ಲಿ ಗುರುತು ಹಾಕಿಡಿ. ವಾರದ ಕೊನೆಗೆ ಆ ಗುರುತುಗಳನ್ನು ಮನೆಮಂದಿಯೆಲ್ಲ ಕೂಡಿ ಓದಿದರೆ, ಕೊಳ್ಳಬೇಕೋ ಬೇಡವೋ ಎಂಬುದರ ಜೊತೆಗೆ, ಕೊಂಡರೆ ಯಾವ ಒಂದು ಚಂದಾ ಸಾಕು ಎಂಬುದೂ ನಿಶ್ಚಯವಾಗುತ್ತದೆ. ಆ ವಾರದಲ್ಲಿ ಯಾರೂ ಲ್ಯಾಪ್‌ಟಾಪ್ ಜೋಡಿಸುವ ಗೋಜಿಗೇ ಹೋಗದಿದ್ದರೆ ತಮ್ಮ ನಾಲ್ಕು ಸಾವಿರ ರೂಪಾಯಿ ಉಳಿಯಿತೆಂದೇ ತಿಳಿಯಬಹುದು.